ಅಂಗಡಿ ಲೆಕ್ಕ ಬರುತ್ತೆ, ಶಾಲೆ ಲೆಕ್ಕ ಯಾಕೆ ಬರಲ್ಲ? ಸಂಶೋಧನೆ ಆಧಾರಿತ ಗಣಿತ ಕಲಿಕೆ ಬಗ್ಗೆ ಪೋಷಕರು ತಿಳಿಯಬೇಕಾದ್ದು

ಸಂಜೆ ಹೊತ್ತು ಯಾವುದಾದರೂ ಕಿರಾಣಿ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ನೋಡಿ. ಕೆಜಿಗೆ 160 ರೂಪಾಯಿ ಇರುವ ತೊಗರಿಬೇಳೆಯನ್ನು ಗಿರಾಕಿ 350 ಗ್ರಾಂ ಕೇಳ್ತಾರೆ. ಶಾಲೆ ಮುಗಿಸಿ ಬಂದು ಅಪ್ಪನ ಜೊತೆ ಗಲ್ಲಾ ಪಕ್ಕ ನಿಂತ ಐದನೇ ತರಗತಿ ಹುಡುಗ ಪೆನ್ನು ಮುಟ್ಟದೆ 56 ಅಂತಾನೆ. ನೂರು ಗ್ರಾಂಗೆ 16, ಮುನ್ನೂರಕ್ಕೆ 48, ಉಳಿದ ಐವತ್ತು ಗ್ರಾಂಗೆ 8. ಲೆಕ್ಕ ಸರಿ.

ಅದೇ ಹುಡುಗನ ಮುಂದೆ ನೋಟ್‌ಬುಕ್ ಇಟ್ಟು ಮೂರಂಕಿಯ ಒಂದು ಭಾಗಾಕಾರ ಬರೆದುಕೊಟ್ಟರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾನೆ. ಮನೆಯಲ್ಲಿ 'ಇವನಿಗೆ ಗಣಿತ ತಲೆಗೆ ಹತ್ತಲ್ಲ' ಅನ್ನೋ ಮಾತು ಶುರುವಾಗುತ್ತೆ. ಟ್ಯೂಷನ್‌ಗೆ ಹಾಕ್ತಾರೆ. ಎಂಟನೇ ತರಗತಿ ಹೊತ್ತಿಗೆ ಹುಡುಗನೇ ಆ ಮಾತನ್ನು ನಂಬಿಬಿಟ್ಟಿರ್ತಾನೆ.

ಹುಡುಗನಿಗೆ ಲೆಕ್ಕ ಬರಲ್ಲ ಅನ್ನೋದು ಸುಳ್ಳು. ಒಂದು ಬಗೆಯ ಲೆಕ್ಕ ಬರುತ್ತೆ, ಇನ್ನೊಂದು ಬರಲ್ಲ, ಎರಡರ ನಡುವೆ ಸೇತುವೆ ಇಲ್ಲ. ಆ ಸೇತುವೆ ಕಟ್ಟೋದು ಹೇಗೆ ಅನ್ನೋದರ ಮೇಲೆ ಕಳೆದ ನಲವತ್ತು ವರ್ಷದಲ್ಲಿ ಬಹಳ ಸಂಶೋಧನೆ ಆಗಿದೆ. 'ಸಂಶೋಧನೆ ಆಧಾರಿತ ಗಣಿತ ಪಠ್ಯಕ್ರಮ' ಅನ್ನೋ ದೊಡ್ಡ ಹೆಸರಿನ ಹಿಂದಿರೋದು ಇದೇ ವಿಷಯ.

ಕೋಲ್ಕತ್ತಾ, ದೆಹಲಿ ಮಾರುಕಟ್ಟೆಯಲ್ಲಿ ಕಂಡದ್ದು

2025ರ ಫೆಬ್ರವರಿಯಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಮಾಡಿದ್ದು. ಕೋಲ್ಕತ್ತಾ ಮತ್ತು ದೆಹಲಿ ಮಾರುಕಟ್ಟೆಗಳಲ್ಲಿ ವ್ಯಾಪಾರಕ್ಕೆ ಕೂರುವ 1,436 ಮಕ್ಕಳನ್ನು ಮಾತಾಡಿಸಿದರು. ಮೊದಲು ಗಿರಾಕಿಗಳ ಹಾಗೇ ಹೋದರು. ಕೆಜಿಗೆ 20 ರೂಪಾಯಿಯ ಆಲೂಗಡ್ಡೆ 800 ಗ್ರಾಂ, ಕೆಜಿಗೆ 15 ರೂಪಾಯಿಯ ಈರುಳ್ಳಿ 1.4 ಕೆಜಿ ಕೊಡು ಅಂತ 200ರ ನೋಟು ಚಾಚಿದರು. 16 ಮತ್ತು 21 ಸೇರಿ 37, ವಾಪಸ್ 163. ಇಂಥ ಲೆಕ್ಕವನ್ನು ಮಕ್ಕಳು ಮನಸ್ಸಿನಲ್ಲೇ ಮಾಡಿದರು. ಎರಡನೇ ಪ್ರಯತ್ನದ ಹೊತ್ತಿಗೆ ಶೇ 95ರಿಂದ 98ರಷ್ಟು ಉತ್ತರ ಸರಿ ಬಂದವು.

ಆಮೇಲೆ ತಾವು ಯಾರು ಅಂತ ಹೇಳಿ, ಶಾಲೆ ಮಾದರಿಯ ಲೆಕ್ಕವನ್ನು ಕಾಗದದ ಮೇಲೆ ಕೊಟ್ಟರು. ಮೂರಂಕಿ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಿದವರು ಶೇ 32 ಮಾತ್ರ. ಎರಡಂಕಿಯಿಂದ ಎರಡಂಕಿ ಕಳೆಯುವ ಎರಡು ಲೆಕ್ಕ ಸರಿ ಮಾಡಿದವರು ಶೇ 54.

ಶಾಲೆಗೆ ಹೋಗುವ, ವ್ಯಾಪಾರದ ಅನುಭವ ಇಲ್ಲದ ಮಕ್ಕಳ ಕಥೆ ಏನು? ಅಂಥ 471 ಮಕ್ಕಳನ್ನೂ ನೋಡಿದರು. ಅವರದ್ದು ಉಲ್ಟಾ. ಕಾಗದದ ಸುಲಭ ಲೆಕ್ಕ ಇವರೇ ಚೆನ್ನಾಗಿ ಮಾಡಿದರು. ಆದರೆ ವ್ಯಾಪಾರ ಮಾಡುವ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರು ಬಿಡಿಸಿದ ಒಂದು ಮಾರುಕಟ್ಟೆ ಲೆಕ್ಕವನ್ನು ಇವರಲ್ಲಿ ಬಿಡಿಸಿದವರು ಶೇ 1 ಮಾತ್ರ. ಅಂದ್ರೆ ಗಣಿತ ಪುಸ್ತಕ ಮುಗಿಸಿದ ಮಗು ಚಿಲ್ಲರೆ ಎಣಿಸುವಾಗ ತಡವರಿಸುತ್ತೆ, ಚಿಲ್ಲರೆ ಎಣಿಸುವ ಮಗು ಪುಸ್ತಕದ ಮುಂದೆ ತಡವರಿಸುತ್ತೆ. ನಷ್ಟ ಎರಡೂ ಕಡೆ ಇದೆ.

ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತ ಅಲ್ಲ. ಬ್ರೆಜಿಲ್‌ನ ರೆಸೀಫೆ ನಗರದಲ್ಲಿ ಬೀದಿ ವ್ಯಾಪಾರದ ಐವರು ಮಕ್ಕಳ ಮೇಲೆ ನಡೆಸಿದ ಚಿಕ್ಕ ಅಧ್ಯಯನ 1985ರಲ್ಲೇ ಪ್ರಕಟವಾಗಿತ್ತು. ವ್ಯಾಪಾರದಲ್ಲಿ ಶೇ 98ರಷ್ಟು ಸರಿ ಹೇಳಿದ ಮಕ್ಕಳು ಅದೇ ಅಂಕಿಗಳನ್ನು ಬರೀ ಲೆಕ್ಕವಾಗಿ ಕೊಟ್ಟಾಗ ಶೇ 37ಕ್ಕೆ ಇಳಿದಿದ್ದರು. ಅಲ್ಲಿ ತೆಂಗಿನಕಾಯಿ, ಇಲ್ಲಿ ಆಲೂಗಡ್ಡೆ, ಅಷ್ಟೇ ವ್ಯತ್ಯಾಸ.

ಮಕ್ಕಳನ್ನು ಅಂಗಡಿಗೆ ಹಚ್ಚಿದರೆ ಗಣಿತ ಬರುತ್ತೆ ಅಂತ ಇದರ ಅರ್ಥ ಅಲ್ಲ. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನು ಪ್ರಕಾರ ಅಪರಾಧ. ಶಾಲೆ ಸಮಯದ ಹೊರಗೆ ಸ್ವಂತ ಕುಟುಂಬದ ಕೆಲಸದಲ್ಲಿ ಕೈಜೋಡಿಸೋದಕ್ಕೆ 2016ರ ತಿದ್ದುಪಡಿ ವಿನಾಯಿತಿ ಕೊಟ್ಟಿದೆ, ಅದೂ ಅಪಾಯದ ಕೆಲಸ ಆಗಿರಬಾರದು.

ಹಾಗಾದ್ರೆ 'ಸಂಶೋಧನೆ ಆಧಾರಿತ' ಅಂದ್ರೇನು?

ಸರಳವಾಗಿ ಹೇಳೋದಾದ್ರೆ, ಮಕ್ಕಳು ಗಣಿತವನ್ನು ನಿಜವಾಗಿ ಹೇಗೆ ಕಲಿಯುತ್ತಾರೆ, ಎಲ್ಲಿ ಎಡವುತ್ತಾರೆ ಅಂತ ಪರೀಕ್ಷಿಸಿ ನೋಡಿ, ಅದರ ಮೇಲೆ ಪಾಠದ ಕ್ರಮ ಕಟ್ಟೋದು. ಇದರಲ್ಲಿ ಹೆಚ್ಚು ಬಳಕೆಯಲ್ಲಿರೋದು ಮೂರು ಹಂತದ ಕ್ರಮ: ಮೊದಲು ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ ವಿಚಾರ ಇದರ ಬೇರು. ಸಿಂಗಾಪುರ 1980ರ ದಶಕದಲ್ಲಿ ಇದನ್ನೇ ಹಿಡಿದು ತನ್ನ ಪ್ರಾಥಮಿಕ ಶಾಲೆ ಗಣಿತ ಕಟ್ಟಿತು. 1995ರ ಅಂತರರಾಷ್ಟ್ರೀಯ ಗಣಿತ ಪರೀಕ್ಷೆಯಲ್ಲಿ ಆ ಪುಟ್ಟ ದೇಶದ ಮಕ್ಕಳು ಮೊದಲ ಸ್ಥಾನಕ್ಕೆ ಬಂದರು. ಆಮೇಲೆ ಜಗತ್ತೇ ಅತ್ತ ತಿರುಗಿ ನೋಡಿತು.

ಉದಾಹರಣೆಗೆ 52ರಲ್ಲಿ 17 ಕಳೆಯೋದು. ಬಹಳ ಮಕ್ಕಳು 45 ಅಂತ ಬರೀತಾರೆ. ಯಾಕಂದ್ರೆ 2ರಲ್ಲಿ 7 ಹೋಗಲ್ಲ, ಅದಕ್ಕೆ 7ರಲ್ಲಿ 2 ಕಳೆದು 5 ಬರೆದುಬಿಡ್ತಾರೆ. ಇದು ಅಜಾಗರೂಕತೆ ಅಲ್ಲ. ದೊಡ್ಡದರಲ್ಲಿ ಚಿಕ್ಕದು ಕಳೀಬೇಕು ಅಂತ ಮಗು ತಾನೇ ಮಾಡಿಕೊಂಡ ನಿಯಮ. ಬೇರೆ ಬೇರೆ ದೇಶದ ಮಕ್ಕಳೂ ಇದೇ ತಪ್ಪು ಮಾಡ್ತಾರೆ.

ಮಗುವಿನ ಕೈಗೆ ಹತ್ತರ ಐದು ಆಟದ ನೋಟು, ಒಂದು ರೂಪಾಯಿಯ ಎರಡು ನಾಣ್ಯ ಕೊಡಿ. 17 ರೂಪಾಯಿ ಕೊಡು ಅನ್ನಿ. ಒಂದು ಹತ್ತರ ನೋಟು ಕೊಟ್ಟಾಯ್ತು. ಇನ್ನು 7 ಬೇಕು, ಇರೋದು 2. ಮಗು ಏನು ಮಾಡುತ್ತೆ? ಇನ್ನೊಂದು ಹತ್ತರ ನೋಟಿಗೆ ಚಿಲ್ಲರೆ ಕೇಳುತ್ತೆ. 'ದಶಕ ಸಹಿತ ವ್ಯವಕಲನ' ಅಂತ ಪುಸ್ತಕದಲ್ಲಿ ಹೆದರಿಸೋ ವಿಷಯ ಇಷ್ಟೇ, ನೋಟಿಗೆ ಚಿಲ್ಲರೆ ಮಾಡಿಸೋದು. ಇದು ವಸ್ತುವಿನ ಹಂತ. ಮುಂದೆ ಹತ್ತಕ್ಕೆ ಒಂದು ಗೆರೆ, ಬಿಡಿಗೆ ಒಂದು ಚುಕ್ಕಿ ಹಾಕಿ ಅದೇ ಲೆಕ್ಕವನ್ನು ಚಿತ್ರದಲ್ಲಿ ಮಾಡೋದು. ಒಂದು ಗೆರೆ ಹೊಡೆದು ಹತ್ತು ಚುಕ್ಕಿ ಹಾಕೋದು. ಕೊನೆಗೆ ಅಂಕಿಯಲ್ಲಿ 5ನ್ನು ಹೊಡೆದು 4 ಮಾಡಿ, 2ನ್ನು 12 ಮಾಡೋದು. ಆಗ ಮಗುವಿಗೆ ಆ 12 ಎಲ್ಲಿಂದ ಬಂತು ಅಂತ ಗೊತ್ತಿರುತ್ತೆ. 35 ಬರುತ್ತೆ, 45 ಯಾಕೆ ತಪ್ಪು ಅನ್ನೋದೂ ಗೊತ್ತಾಗುತ್ತೆ.

ಭಾಗಾಕಾರವೂ ಹೀಗೇ. 738 ರೂಪಾಯಿಯನ್ನು ಆರು ಜನಕ್ಕೆ ಹಂಚಬೇಕು. ನೂರರ ಏಳು ನೋಟಿನಲ್ಲಿ ತಲೆಗೊಂದು ಕೊಟ್ಟರೆ ಒಂದು ಉಳೀತು. ಅದಕ್ಕೆ ಹತ್ತರ ಹತ್ತು ನೋಟು ತಂದರೆ, ಇದ್ದ ಮೂರು ಸೇರಿ ಹದಿಮೂರು. ತಲೆಗೆ ಎರಡು, ಒಂದು ಉಳೀತು. ಅದನ್ನೂ ಚಿಲ್ಲರೆ ಮಾಡಿಸಿದರೆ ಇದ್ದ ಎಂಟು ಸೇರಿ ಹದಿನೆಂಟು. ತಲೆಗೆ ಮೂರು. ಒಬ್ಬೊಬ್ಬರಿಗೆ 123. ಕಾಗದದ ಮೇಲೆ ಉದ್ದಕ್ಕೆ ಬರೆಯುವ ಭಾಗಾಕಾರದಲ್ಲಿ ನಡೆಯೋದೂ ಅಕ್ಷರಶಃ ಇದೇ. ಆದರೆ 'ಏಳರಲ್ಲಿ ಆರು ಒಂದ್ಲ, ಕೆಳಗಿಳಿಸು' ಅಂತ ಬರೀ ಮಂತ್ರದ ಹಾಗೆ ಕಲಿಸಿದರೆ ಮಂತ್ರ ಮರೆತ ದಿನ ಲೆಕ್ಕವೂ ಮರೆತುಹೋಗುತ್ತೆ.

ಇಲ್ಲಿ ಕನ್ನಡಕ್ಕೆ ಒಂದು ಅನುಕೂಲ ಇದೆ, ಅದನ್ನು ಯಾರೂ ಹೆಚ್ಚು ಹೇಳಲ್ಲ. ಎಪ್ಪತ್ತೆಂಟು ಅಂದರೆ ಎಪ್ಪತ್ತು ಮತ್ತು ಎಂಟು. ಹತ್ತು ಮೊದಲು, ಬಿಡಿ ಆಮೇಲೆ, ಬರೆಯುವ ಕ್ರಮದಲ್ಲೇ ಬಾಯಲ್ಲೂ ಬರುತ್ತೆ. ಹಿಂದಿಯಲ್ಲಿ ನೂರರವರೆಗಿನ ಹೆಸರುಗಳನ್ನು ಹೆಚ್ಚುಕಡಿಮೆ ಒಂದೊಂದಾಗಿ ಬಾಯಿಪಾಠ ಮಾಡಬೇಕು. ಇಂಗ್ಲಿಷ್‌ನ 'ಫೋರ್ಟೀನ್'ನಲ್ಲಿ ನಾಲ್ಕು ಮೊದಲು ಕೇಳಿಸುತ್ತೆ, ಪುಟ್ಟ ಮಕ್ಕಳು 41 ಬರೆದುಬಿಡ್ತಾರೆ. ಸಂಖ್ಯೆಯ ಹೆಸರು ಸ್ಪಷ್ಟವಾಗಿರುವ ಭಾಷೆಯ ಮಕ್ಕಳಿಗೆ ಸ್ಥಾನಬೆಲೆ ಬೇಗ ಹಿಡಿಯುತ್ತೆ ಅಂತ ಚೀನೀ, ಜಪಾನೀ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಹೇಳಿವೆ. ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ ಮಗುವಿಗೂ ಮನೆಯಲ್ಲಿ ಕನ್ನಡದಲ್ಲೇ ಎಣಿಸಲು ಹೇಳಿಕೊಡಿ, ನಷ್ಟ ಏನೂ ಇಲ್ಲ.

ನಮ್ಮ ರಾಜ್ಯದಲ್ಲಿ ಏನೇನು ಆಗಿದೆ?

ಇದು ಕರ್ನಾಟಕಕ್ಕೆ ಹೊಸದೇನಲ್ಲ. 1990ರ ದಶಕದ ಮಧ್ಯದಲ್ಲಿ ಮೈಸೂರು ಜಿಲ್ಲೆ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು ಶುರು ಮಾಡಿದ 'ನಲಿ-ಕಲಿ' ಈಗ ಎಲ್ಲರಿಗೂ ಗೊತ್ತು. ಕಾರ್ಡು, ಮೆಟ್ಟಿಲು, ಗುಂಪು, ಹಾಡು. 2009-10ರ ಹೊತ್ತಿಗೆ ಸರ್ಕಾರ ಅದನ್ನು ರಾಜ್ಯದಾದ್ಯಂತ ಕಿರಿಯ ತರಗತಿಗಳಿಗೆ ತಂದಿತು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಗಣಿತದ ಗುರಿಯನ್ನೇ ಬೇರೆ ರೀತಿ ಹೇಳಿತು. ಸೂತ್ರ ತುಂಬೋದಲ್ಲ, ಮಗುವಿನ ಯೋಚನೆಯನ್ನೇ ಗಣಿತದ ದಾರಿಗೆ ತರೋದು ಅನ್ನೋದು ಅದರ ಸಾರ. ಗಣಿತಕ್ಕಾಗಿ ಮಾಡಿದ್ದ ತಜ್ಞರ ಗುಂಪಿಗೆ ಚೆನ್ನೈನ ಆರ್. ರಾಮಾನುಜಂ ಅಧ್ಯಕ್ಷರಾಗಿದ್ದರು. ಅದೇ ಚೌಕಟ್ಟು ಮತ್ತು ವಸ್ತು-ಚಿತ್ರ-ಅಂಕಿ ಕ್ರಮವನ್ನು ಇಟ್ಟುಕೊಂಡು ಬೆಂಗಳೂರಿನ ಅಕ್ಷರ ಫೌಂಡೇಶನ್ ರೂಪಿಸಿದ್ದು 'ಗಣಿತ ಕಲಿಕಾ ಆಂದೋಲನ'. ರಾಜ್ಯ ಸರ್ಕಾರದ ಜೊತೆ ಸೇರಿ ಸರ್ಕಾರಿ ಶಾಲೆಗಳ 4 ಮತ್ತು 5ನೇ ತರಗತಿಗೆ ತಂದ ಕಾರ್ಯಕ್ರಮ. ಮಣಿಗಳ ಅಬಾಕಸ್, ಹತ್ತರ ಬ್ಲಾಕು, ಸ್ಥಾನಬೆಲೆ ಪಟ್ಟಿ, ಭಿನ್ನರಾಶಿ ತುಂಡು, ಆಟದ ನೋಟು-ನಾಣ್ಯ, ಗಡಿಯಾರ, ತಕ್ಕಡಿ ಇರುವ ಪೆಟ್ಟಿಗೆಯನ್ನು ಶಾಲೆಗಳಿಗೆ ಕೊಟ್ಟರು, ಶಿಕ್ಷಕರಿಗೆ ತರಬೇತಿ ಕೊಟ್ಟರು. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆ ನೋಡಿದವರು ಇದ್ದೀರಿ. ಊರಿನವರ ಎದುರೇ ಮಕ್ಕಳಿಗೆ ಪರೀಕ್ಷೆ, ಅಲ್ಲೇ ಮೌಲ್ಯಮಾಪನ, ಬಹುಮಾನ. ಅದೂ ಈ ಆಂದೋಲನದ ಭಾಗವಾಗಿ ಬಂದದ್ದು.

2021ರ ಜುಲೈನಲ್ಲಿ ಕೇಂದ್ರ 'ನಿಪುಣ್ ಭಾರತ್' ಶುರು ಮಾಡಿತು. 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು ಮತ್ತು ಮೂಲ ಲೆಕ್ಕ ಬರಬೇಕು ಅನ್ನೋದು ಗುರಿ. ಎನ್‌ಸಿಇಆರ್‌ಟಿಯ ಹೊಸ ಗಣಿತ ಪುಸ್ತಕಗಳೂ ಬಂದವು. 2024ರಲ್ಲಿ 3ನೇ ತರಗತಿಗೆ 'ಮ್ಯಾಥ್ಸ್ ಮೇಳ', 6ನೇ ತರಗತಿಗೆ 'ಗಣಿತ ಪ್ರಕಾಶ'. ಪೇಟೆಯ ಸಿಬಿಎಸ್‌ಇ ಶಾಲೆಗೆ ಹೋಗುವ ಮಕ್ಕಳ ಚೀಲದಲ್ಲಿ ಇವು ಕಾಣುತ್ತವೆ. ಒಗಟು, ಆಟ, ವಿನ್ಯಾಸ ಜಾಸ್ತಿ, ಒಂದೇ ಥರದ ಇಪ್ಪತ್ತು ಲೆಕ್ಕ ಕಡಿಮೆ. 'ಇದೆಂಥಾ ಗಣಿತ ಪುಸ್ತಕ' ಅಂತ ಮೂಗು ಮುರಿಯುವ ಪೋಷಕರಿಗೆ ಕಾರಣ ಈಗ ಗೊತ್ತಾಗಿರಬೇಕು.

ಅಷ್ಟಾದರೂ ಲೆಕ್ಕ ಯಾಕೆ ಸುಧಾರಿಸಿಲ್ಲ?

ಪ್ರಶ್ನೆ ನ್ಯಾಯವಾದದ್ದು. ಹಳ್ಳಿ ಮನೆಗಳಿಗೇ ಹೋಗಿ ಮಕ್ಕಳನ್ನು ಪರೀಕ್ಷಿಸುವ 'ಅಸರ್' ಸಮೀಕ್ಷೆಯ 2024ರ ವರದಿ ಪ್ರಕಾರ, ದೇಶದ ಗ್ರಾಮೀಣ ಭಾಗದ ಮೂರನೇ ತರಗತಿ ಮಕ್ಕಳಲ್ಲಿ ಕಳೆಯುವ ಲೆಕ್ಕ ಬಂದವರು ಶೇ 33.7. ಐದನೇ ತರಗತಿಯಲ್ಲಿ ಭಾಗಾಕಾರ ಬಂದವರು ಶೇ 30.7. ಎಂಟನೇ ತರಗತಿಗೆ ಬಂದರೂ ಶೇ 45.8. 2022ರಲ್ಲಿ ಮೂರನೇ ತರಗತಿಯದ್ದು ಶೇ 25.9, ಐದನೆಯದ್ದು ಶೇ 25.6 ಇತ್ತು. ಅಂದ್ರೆ ಸ್ವಲ್ಪ ಏರಿದೆ. ಆದರೂ ಮೂರರಲ್ಲಿ ಎರಡು ಮಕ್ಕಳು ಭಾಗಾಕಾರ ಬರದೇ ಆರನೇ ತರಗತಿ ಬೆಂಚಿಗೆ ಹೋಗ್ತಿದ್ದಾರೆ.

ಪುಸ್ತಕ ಬದಲಾದರೆ ಎಲ್ಲ ಸರಿ ಹೋಗುತ್ತೆ ಅನ್ನೋದಕ್ಕೆ ಸಂಶೋಧನೆಯೇ ಒಪ್ಪಲ್ಲ. ಅಮೆರಿಕದಲ್ಲಿ 1990ರ ದಶಕದಲ್ಲಿ ಸರ್ಕಾರದ ವಿಜ್ಞಾನ ಸಂಸ್ಥೆಯ ಹಣದಿಂದ ಹಲವು ಹೊಸ ಗಣಿತ ಪಠ್ಯಕ್ರಮ ತಯಾರಾದವು. ಪೋಷಕರು, ಗಣಿತ ಪ್ರೊಫೆಸರ್‌ಗಳು, ಶಿಕ್ಷಣ ತಜ್ಞರ ನಡುವೆ ವರ್ಷಗಟ್ಟಲೆ ಜಗಳ ನಡೆದು ಅದಕ್ಕೆ 'ಗಣಿತ ಯುದ್ಧ' ಅಂತಲೇ ಹೆಸರು ಬಂತು. ಕೊನೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಕೇಂದ್ರವೊಂದು ಆರು ರಾಜ್ಯಗಳಲ್ಲಿ ಬೇರೆ ಬೇರೆ ಗಣಿತ ಪುಸ್ತಕ ಓದಿದ ಮಕ್ಕಳ ಪ್ರಗತಿ ಹೋಲಿಸಿ 2019ರಲ್ಲಿ ವರದಿ ಕೊಟ್ಟಿತು. ಪುಸ್ತಕದಿಂದ ಪುಸ್ತಕಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಬರೀ ಚಟುವಟಿಕೆಯೂ ಸಾಲಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲೇ, ಚೀಟಿ ಎತ್ತಿದ ಹಾಗೆ ಆರಿಸಿ, ಚಟುವಟಿಕೆ ಆಧಾರಿತ ಗಣಿತ ಮತ್ತು ಊರಿನ ಗಣಿತ ಸ್ಪರ್ಧೆಯ ಪರಿಣಾಮ ಅಳೆದ ಅಧ್ಯಯನ 'ಎಕನಾಮಿಕ್ ಜರ್ನಲ್'ನಲ್ಲಿ ಪ್ರಕಟವಾಗಿದೆ. ಚಟುವಟಿಕೆ ಸೇರಿಸಿದ ಮಾತ್ರಕ್ಕೆ ಕಲಿಕೆ ಏರುತ್ತೆ ಅನ್ನೋ ನಂಬಿಕೆಗೆ ಮಿತಿ ಇದೆ ಅನ್ನೋದು ಅದರ ತೀರ್ಮಾನ. ದೆಹಲಿಯ ಪುಟಾಣಿ ಮಕ್ಕಳ ಮೇಲೆ ನಡೆದ ಇನ್ನೊಂದು ಅಧ್ಯಯನ 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಗಣಿತದ ಆಟ ಆಡಿಸಿದ ಮಕ್ಕಳಿಗೆ ಪ್ರಮಾಣ, ಆಕಾರದ ಅರಿವು ಚೆನ್ನಾಗಿ ಬೆಳೀತು, ವರ್ಷ ಕಳೆದರೂ ಉಳೀತು. ಆದರೆ ಅದೇ ಮಕ್ಕಳು ಒಂದನೇ ತರಗತಿಗೆ ಹೋದಾಗ ಅಂಕಿಯ ಲೆಕ್ಕದಲ್ಲಿ ಬೇರೆ ಮಕ್ಕಳಿಗಿಂತ ಮುಂದಿರಲಿಲ್ಲ.

ಕೋಲ್ಕತ್ತಾದ ಆಲೂಗಡ್ಡೆ ಹುಡುಗನ ಸಮಸ್ಯೆಯೂ ಇದೇ. ವಸ್ತುವಿನ ಹಂತ ಮುಗಿದಿದೆ, ಅಂಕಿಯ ಹಂತಕ್ಕೆ ಯಾರೂ ದಾಟಿಸಿಲ್ಲ. ಬ್ಲಾಕು ಜೋಡಿಸಿ ಆಟ ಆಡಿ ಪೆಟ್ಟಿಗೆ ಮುಚ್ಚಿ, ಮಾರನೇ ದಿನ ಬೋರ್ಡ್ ಮೇಲೆ ನೇರ ಅಂಕಿ ಬರೆದರೆ ಎರಡೂ ಬೇರೆ ಬೇರೆ ಪಾಠ ಅಂತಲೇ ಮಗು ತಿಳಿಯುತ್ತೆ. ಬ್ಲಾಕು ಎತ್ತಿಟ್ಟ ಕೈಯಲ್ಲೇ ಅದಕ್ಕೆ ಹೊಂದುವ ಅಂಕಿ ಬರೆಸಬೇಕು. ಸೇತುವೆ ಅಂದದ್ದು ಇದಕ್ಕೆ. ಮೂರು ಹಂತದಲ್ಲಿ ಕಷ್ಟ ಇರೋದು ಮಧ್ಯದ್ದು, ಬಹಳ ಕಡೆ ಬಿಟ್ಟುಹೋಗೋದೂ ಅದೇ.

ಶಿಕ್ಷಕರನ್ನೇ ದೂರಿ ಪ್ರಯೋಜನ ಇಲ್ಲ. ಒಬ್ಬರೇ ಮೇಷ್ಟ್ರು ಎರಡು ಮೂರು ತರಗತಿ ಒಟ್ಟಿಗೆ ಕೂರಿಸಿಕೊಳ್ಳುವ ಶಾಲೆಗಳು ಪ್ರತಿ ತಾಲ್ಲೂಕಿನಲ್ಲೂ ಇವೆ. ಬಿಸಿಯೂಟ, ಹಾಲು, ಮೊಟ್ಟೆ, ಆನ್‌ಲೈನ್ ಎಂಟ್ರಿ, ಗಣತಿ ಎಲ್ಲ ಅವರ ತಲೆ ಮೇಲೆ. ಆದರೂ ಸಣ್ಣ ಬದಲಾವಣೆಗೆ ದಾರಿ ಇದೆ. ಮುಂಬೈ ಮತ್ತು ವಡೋದರಾದಲ್ಲಿ ಪ್ರಥಮ್ ಸಂಸ್ಥೆ ನಡೆಸಿದ ಪ್ರಯೋಗದಲ್ಲಿ, ಹಿಂದುಳಿದ ಮಕ್ಕಳನ್ನು ದಿನಕ್ಕೆ ಕೆಲವು ಹೊತ್ತು ಬೇರೆ ಕೂರಿಸಿ ಅವರಿಗೆ ಎಲ್ಲಿಂದ ಬೇಕೋ ಅಲ್ಲಿಂದ ಪಾಠ ಶುರು ಮಾಡಿದಾಗ ಕಲಿಕೆ ಸ್ಪಷ್ಟವಾಗಿ ಏರಿತು. ಐದನೇ ತರಗತಿ ಮಗುವಿಗೆ ಮೂರನೇ ತರಗತಿ ಲೆಕ್ಕ ಹೇಳಿಕೊಡೋದು ಅವಮಾನ ಅಲ್ಲ.

ಐದನೇ ತರಗತಿಯ ಭಿನ್ನರಾಶಿ, ಎಸ್‌ಎಸ್‌ಎಲ್‌ಸಿ ಗಣಿತ

ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಕೈಕೊಟ್ಟಾಗ ಎಲ್ಲರೂ ಹತ್ತನೇ ತರಗತಿಯನ್ನೇ ನೋಡ್ತಾರೆ. ಬೇರು ಐದು ವರ್ಷ ಹಿಂದೆ ಇರುತ್ತೆ. ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು ಬ್ರಿಟನ್, ಅಮೆರಿಕ ಎರಡೂ ದೇಶದ ಸಾವಿರಾರು ಮಕ್ಕಳ ದಾಖಲೆ ಇಟ್ಟುಕೊಂಡು 2012ರಲ್ಲಿ ತೋರಿಸಿದ್ದು ಹೀಗೆ: ಹತ್ತನೇ ವಯಸ್ಸಿನ ಸುಮಾರಿಗೆ ಭಿನ್ನರಾಶಿ ಮತ್ತು ಭಾಗಾಕಾರ ಎಷ್ಟು ಗೊತ್ತಿದೆ ಅನ್ನೋದು, ಹದಿನಾರರ ಸುಮಾರಿಗೆ ಆ ಮಗುವಿನ ಗಣಿತ ಹೇಗಿರುತ್ತೆ ಅನ್ನೋದನ್ನು ಮುಂಚೆಯೇ ಹೇಳುತ್ತೆ. ಬುದ್ಧಿಮಟ್ಟ, ಮನೆಯ ಆದಾಯ, ತಂದೆ-ತಾಯಿ ಓದು ಎಲ್ಲ ಲೆಕ್ಕಕ್ಕೆ ತಗೊಂಡ ಮೇಲೂ ಈ ಮಾತು ನಿಲ್ಲುತ್ತೆ. ಕೂಡೋದು, ಕಳೆಯೋದು ಅಷ್ಟು ಬಲವಾಗಿ ಇದನ್ನು ಹೇಳಲ್ಲ.

ಅಂಗಡಿಯಲ್ಲಿ ಅರ್ಧ ಕೆಜಿ ಮತ್ತು ಕಾಲು ಕೆಜಿ ಸೇರಿದರೆ ಮುಕ್ಕಾಲು ಅಂತ ಯಾವ ಮಗುವಾದರೂ ಹೇಳುತ್ತೆ. ಅದೇ ಮಗುವಿಗೆ ½ + ¼ ಎಷ್ಟು ಅಂತ ಬರೆದು ಕೇಳಿ. ಮೇಲಿನ ಅಂಕಿಗೆ ಮೇಲಿನದ್ದು, ಕೆಳಗಿನದ್ದಕ್ಕೆ ಕೆಳಗಿನದ್ದು ಕೂಡಿಸಿ 2/6 ಅಂತ ಬರೆದೀತು. 2/6 ಅಂದ್ರೆ ಮೂರನೇ ಒಂದು ಭಾಗ. ಅರ್ಧ ಕೆಜಿಗೆ ಕಾಲು ಕೆಜಿ ಸೇರಿಸಿದರೆ ಸಕ್ಕರೆ ಕಡಿಮೆ ಆಯ್ತು ಅಂದ ಹಾಗೆ. ಅಂಗಡಿಯಲ್ಲಿ ಯಾರೂ ಇದನ್ನು ಒಪ್ಪಲ್ಲ, ನೋಟ್‌ಬುಕ್‌ನಲ್ಲಿ ಮಾತ್ರ ಅನುಮಾನವೇ ಬರಲ್ಲ. ಮುಕ್ಕಾಲು ಅನ್ನೋ ನಮ್ಮ ಪದದಲ್ಲೇ 'ಮೂರು ಕಾಲು' ಇದೆ. ಅರ್ಧ ಅಂದರೆ ಎರಡು ಕಾಲು ಅಂತ ತೋರಿಸಿಬಿಟ್ಟರೆ, ಎರಡು ಕಾಲಿಗೆ ಒಂದು ಕಾಲು ಸೇರಿ ಮೂರು ಕಾಲು. ಛೇದ ಸಮ ಮಾಡೋದು ಅಂದರೆ ಇಷ್ಟೇ.

ದಶಮಾಂಶದಲ್ಲೂ ಇದೇ ಗೊಂದಲ. 0.5 ದೊಡ್ಡದೋ 0.25 ದೊಡ್ಡದೋ ಅಂದರೆ, 5ಕ್ಕಿಂತ 25 ದೊಡ್ಡದು ಅಂತ 0.25 ಅನ್ನುವ ಮಕ್ಕಳು ಬಹಳ. ಎಲೆಕ್ಟ್ರಾನಿಕ್ ತೂಕದ ಯಂತ್ರದ ಮೇಲೆ 0.250 ಮತ್ತು 0.500 ತೋರಿಸಿ ಎರಡು ಪೊಟ್ಟಣ ಕೈಗೆ ಕೊಟ್ಟರೆ ಒಂದು ನಿಮಿಷದ ಪಾಠ.

6ರಿಂದ 8ನೇ ತರಗತಿಯಲ್ಲಿ ಇನ್ನೊಂದು ಕಾಣದ ಗುಂಡಿ ಇದೆ, ಸಮ ಚಿಹ್ನೆ. 8 + 4 = ☐ + 5 ಅಂತ ಬರೆದು ಖಾಲಿ ಜಾಗ ತುಂಬಲು ಹೇಳಿ. ಸರಿ ಉತ್ತರ 7. ಬಹಳ ಮಕ್ಕಳು 12 ಅಂತಾರೆ, ಕೆಲವರು ಎಲ್ಲ ಕೂಡಿಸಿ 17 ಅಂತಾರೆ. '=' ಅಂದರೆ 'ಉತ್ತರ ಇಲ್ಲಿ ಬರೀಬೇಕು' ಅಂತ ಅವರು ಕಲಿತಿರೋದು. ಎರಡೂ ಕಡೆ ತೂಕ ಒಂದೇ ಅನ್ನೋ ಅರ್ಥ ಗೊತ್ತಿಲ್ಲದೆ ಬೀಜಗಣಿತಕ್ಕೆ ಬಂದರೆ 'x ಆ ಕಡೆ ಹೋದರೆ ಮೈನಸ್' ಅನ್ನೋದೂ ಮತ್ತೊಂದು ಮಂತ್ರವೇ ಆಗುತ್ತೆ. ಹಳೇ ಎರಡು ತಟ್ಟೆಯ ತಕ್ಕಡಿ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಪಾಠೋಪಕರಣ. ಅಟ್ಟದ ಮೇಲೆ ಬಿದ್ದಿದ್ದರೆ ಹತ್ತಿರದ ಶಾಲೆಗೆ ಕೊಡಬಹುದು. ಈಗಿನ ಮಕ್ಕಳು ಸಂಖ್ಯೆ ಮಿನುಗುವ ಯಂತ್ರವನ್ನೇ ನೋಡಿ ಬೆಳೆದವರು, ಮುಳ್ಳು ಮಧ್ಯಕ್ಕೆ ಬರೋದನ್ನು ನೋಡಿಯೇ ಇಲ್ಲ. ಕ್ಯೂಆರ್ ಕೋಡ್ ಬಂದ ಮೇಲೆ ಚಿಲ್ಲರೆ ಎಣಿಸೋದೂ ಹೋಗ್ತಿದೆ.

ಮಗ್ಗಿ ಬೇಡವಾ?

ಬೇಕು. ಹೊಸ ವಿಧಾನ ಅಂದ್ರೆ ಮಗ್ಗಿ ಬಿಟ್ಟುಬಿಡೋದು ಅನ್ನೋದು ತಪ್ಪು ತಿಳಿವಳಿಕೆ. ಅಮೆರಿಕದ ರಾಷ್ಟ್ರೀಯ ಗಣಿತ ಸಲಹಾ ಸಮಿತಿ 2008ರ ವರದಿಯಲ್ಲಿ ಅರ್ಥ ತಿಳಿಯೋದು, ಸಲೀಸಾಗಿ ಲೆಕ್ಕ ಮಾಡೋದು, ಸಮಸ್ಯೆ ಬಿಡಿಸೋದು ಮೂರೂ ಒಂದಕ್ಕೊಂದು ಬಲ ಕೊಡ್ತವೆ, ಯಾವುದು ಮುಖ್ಯ ಅಂತ ಜಗಳ ಬೇಡ ಅಂತಲೇ ಹೇಳಿದೆ. ಏಳೆಂಟ್ಲ ಐವತ್ತಾರು ಅಂತ ಬಾಯಿಗೆ ಬರದ ಮಗು ದೊಡ್ಡ ಭಾಗಾಕಾರದ ಮಧ್ಯೆ ಬೆರಳು ಎಣಿಸುತ್ತಾ ಎಲ್ಲಿದ್ದೆ ಅನ್ನೋದನ್ನೇ ಮರೆಯುತ್ತೆ. ದೆಹಲಿ, ಕೋಲ್ಕತ್ತಾ ಅಧ್ಯಯನದಲ್ಲೂ ಶಾಲೆ ಮಕ್ಕಳ ಕೊರತೆ ಇದೇ ಆಗಿತ್ತು. ಕಾಗದದ ಮೇಲೆ ಬಹಳ ನಿಧಾನದ ದಾರಿ ಹಿಡೀತಿದ್ದರು.

ಬದಲಾಗಬೇಕಿರೋದು ಕ್ರಮ. ಆರು ಸಾಲಿನಲ್ಲಿ ಏಳೇಳು ಗೋಲಿ ಜೋಡಿಸಿ ನೋಡಿದ ಮೇಲೆ ಆರೇಳ್ಲ ನಲವತ್ತೆರಡು ಬಾಯಿಪಾಠ ಮಾಡಿಸಿ. ಮರೆತರೂ ಐದೇಳ್ಲ ಮೂವತ್ತೈದಕ್ಕೆ ಇನ್ನೊಂದು ಏಳು ಸೇರಿಸಿ ತಾನೇ ಕಟ್ಟಿಕೊಳ್ಳುತ್ತೆ. ಹಿಂದಿನವರು ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಹೇಳ್ತಿದ್ದರು. ಹಳೇ ವ್ಯಾಪಾರಿಗಳ ಬಾಯಲ್ಲಿ ಇನ್ನೂ ಉಳಿದಿದ್ದರೆ ಮೊಮ್ಮಕ್ಕಳಿಗೆ ಹೇಳಿಕೊಡಲು ಯಾವ ಆದೇಶವೂ ಬೇಕಿಲ್ಲ.

ಎಸ್‌ಡಿಎಂಸಿ ಸಭೆಯಲ್ಲಿ, ಮನೆಯಲ್ಲಿ

ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರು. ಸಭೆ ಕಟ್ಟಡ, ಕಾಂಪೌಂಡು, ಶೌಚಾಲಯದಲ್ಲೇ ಮುಗಿದುಹೋಗುತ್ತೆ. ಮುಂದಿನ ಸಲ ಹೋದಾಗ ಗಣಿತದ ಪೆಟ್ಟಿಗೆ ಎಲ್ಲಿದೆ ಅಂತ ಕೇಳಿ. ಬೀರುವಿನಲ್ಲಿ ಹೊಸದರ ಹಾಗೆ ಮಿರಮಿರ ಮಿಂಚುತ್ತಿದ್ದರೆ ಬಳಸುತ್ತಿಲ್ಲ ಅಂತ ಅರ್ಥ. ಕೆಲವು ಶಾಲೆಯಲ್ಲಿ ಸಾಮಾನು ಕಳೆದರೆ ಲೆಕ್ಕ ಕೊಡಬೇಕಲ್ಲ ಅನ್ನೋ ಭಯಕ್ಕೆ ತೆಗೆಯುವುದೇ ಇಲ್ಲ. ಒಡೆದರೆ, ಕಳೆದರೆ ತಕರಾರಿಲ್ಲ ಅಂತ ಸಮಿತಿಯೇ ನಡಾವಳಿಯಲ್ಲಿ ಬರೆದುಕೊಟ್ಟರೆ ಮೇಷ್ಟ್ರಿಗೆ ಧೈರ್ಯ ಬರುತ್ತೆ. ಪೆಟ್ಟಿಗೆ ಇಲ್ಲವೇ ಇಲ್ಲ ಅನ್ನೋ ಕಡೆ ಬೆಂಕಿಕಡ್ಡಿ ಕಟ್ಟು, ಹುಣಸೆಬೀಜ, ಆಟದ ನೋಟು ಸಾಕು. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿದರೆ ಹತ್ತರ ಬ್ಲಾಕು ತಯಾರು. ತರಬೇತಿ ಬೇಕಿದ್ದರೆ ಸಿಆರ್‌ಪಿ ಅಥವಾ ಬಿಆರ್‌ಸಿ ಮೂಲಕ ಕೇಳಬೇಕು.

ಮನೆಯಲ್ಲಿ ಮಗು ಎಲ್ಲಿ ನಿಂತಿದೆ ಅಂತ ನೋಡಲು ಹದಿನೈದು ನಿಮಿಷ ಸಾಕು. ಮೇಲೆ ಹೇಳಿದ 738 ರೂಪಾಯಿಯನ್ನು ಆಟದ ನೋಟಿನಲ್ಲಿ ಆರು ಪಾಲು ಮಾಡಿಸಿ. ಬಂದರೆ, ಮಾಡಿದ್ದನ್ನೇ ಬಾಯಲ್ಲಿ ಹೇಳಿಸಿ. ಆಮೇಲೆ ಚೌಕ, ಗೆರೆ, ಚುಕ್ಕಿ ಹಾಕಿಸಿ. ಕೊನೆಗೆ ಅಂಕಿಯಲ್ಲಿ ಬರೆಸಿ, ಉಳಿದ ನೂರಕ್ಕೆ ಚಿಲ್ಲರೆ ಮಾಡಿಸಿದ್ದು ಈ ಬರವಣಿಗೆಯಲ್ಲಿ ಎಲ್ಲಿದೆ ತೋರಿಸು ಅನ್ನಿ. ತಪ್ಪಾದರೆ ತಕ್ಷಣ ತಿದ್ದಬೇಡಿ, 'ಹೇಗೆ ಮಾಡಿದೆ ಹೇಳು' ಅಂತ ಕೇಳಿ ಸುಮ್ಮನಿರಿ. ಬೈದರೆ ಮಗು ಹೇಳೋದನ್ನೇ ನಿಲ್ಲಿಸಿಬಿಡುತ್ತೆ. ಯಾವ ಹಂತದಲ್ಲಿ ನಿಂತಿತು ಅನ್ನೋದನ್ನು ಚೀಟಿಯಲ್ಲಿ ಬರೆದು ಗಣಿತದ ಮೇಷ್ಟ್ರಿಗೆ ಕೊಡಿ. ಪಾಠ ಎಲ್ಲಿಂದ ಶುರು ಮಾಡಬೇಕು ಅನ್ನೋದು ಅವರಿಗೆ ಅದರಲ್ಲೇ ಸಿಗುತ್ತೆ.